ಕೊಕ್ಕೆ ಸಾಹೇಬರ ಮೂಗಿನ ಅಪಘಾತ

ಸುಳ್ಳು ಹೇಳುವವರನ್ನು ಹಿಡಿದು ಹೊಟ್ಟೆ ಹೊರೆಯುವ ಮನುಷ್ಯ ತಾನೇ ಒಂದು ಸುಳ್ಳು ಹೇಳಬೇಕಾಗಿ ಬಂದರೆ ಅದನ್ನು ಎಷ್ಟು ಚೊಕ್ಕಟವಾಗಿ ಹೇಳಬಲ್ಲ ಎಂಬುದನ್ನು ತಿಳಿಯಲು ಕೊಕ್ಕೆ ಸಾಹೇಬರನ್ನು ನೋಡಬೇಕಿತ್ತು. ಅವರು ವಾಹನ ವಿಮೆ ಕಂಪನಿಯೊಂದರಲ್ಲಿ ಸರ್ವೇಯರ್. ಯಾರದೋ ಕಾರು ಗುದ್ದಿದರೆ, ಯಾರದೋ ಸ್ಕೂಟರ್ ಮೋರಿಗೆ ಬಿದ್ದರೆ, ಕಂಪನಿ ಪರಿಹಾರ ಕೊಡುವ ಮೊದಲು ಇವರು ಹೋಗಿ ನೋಡಿ, ಮುಟ್ಟಿ, ಉಗುರಲ್ಲಿ ಕೆರೆದು, ಅಪಘಾತ ನಿಜವೋ ಕಟ್ಟುಕತೆಯೋ ಎಂದು ಹೇಳಬೇಕು. ಕಣ್ಣೆದುರೇ ಗುದ್ದಿದ ಕಾರಿಗೂ ಒಂದು ಕೊಕ್ಕೆ ಹಾಕದೆ ಬಿಟ್ಟವರಲ್ಲ. ತಮಗೆ ಆ ಹೆಸರು ಬಂದದ್ದು ಹಾಗೆ ಎಂದೇ ಅವರು ನಂಬಿದ್ದರು. ಆಫೀಸಿನವರನ್ನು ಕೇಳಿದರೆ ಬಾಯಲ್ಲಿ ಏನೂ ಹೇಳದೆ, ತೋರುಬೆರಳನ್ನು ಮೂಗಿನ ಮುಂದೆ ತಂದು ಬಗ್ಗಿಸಿ ತೋರಿಸುತ್ತಿದ್ದರು.

ಮೂಗೆಂದರೆ ಅಂತಿಂಥ ಮೂಗಲ್ಲ. ಹುಬ್ಬುಗಳ ನಡುವೆ ಸಾಧುವಾಗಿ ಹೊರಟು, ಅರ್ಧ ದಾರಿಯಲ್ಲಿ ಒಂದು ದಿಬ್ಬ ಹತ್ತಿ, ಅಲ್ಲಿಂದ ಮೇಲ್ತುಟಿಯ ಕಡೆ ಸೀದಾ ಇಳಿದುಬಿಡುವ ಮೂಗು. ಅವರ ಅಪ್ಪನಿಗೂ ಅದೇ ಇತ್ತು, ಅಕ್ಕನಿಗೂ ಅದೇ ಇದೆ. ಲೋಟದಲ್ಲಿ ಏನನ್ನು ಕುಡಿಯುವಾಗಲೂ ತಲೆಯನ್ನು ತುಸು ಹೆಚ್ಚಾಗಿಯೇ ಹಿಂದಕ್ಕೆ ವಾಲಿಸುವುದು ಆ ಮನೆಯವರ ಗುರುತು. ಇಷ್ಟು ವರ್ಷ ಸಾಹೇಬರು ಅದನ್ನು ಹೊತ್ತುಕೊಂಡು ಆರಾಮವಾಗಿಯೇ ಇದ್ದರು. ಕೆಡಿಸಿದವನು ಒಬ್ಬ ಬೇಕರಿಯವನು.

ಆ ಬೇಕರಿಯವನ ವ್ಯಾನು ಗುದ್ದಿತ್ತು. ಸಾಹೇಬರು ಬಂಪರಿನ ಮೇಲೆ ಬೆರಳಾಡಿಸಿ, "ಇದು ಹಳೇ ಪೆಟ್ಟು. ಈ ಅಪಘಾತದಲ್ಲಿ ಆದದ್ದಲ್ಲ" ಎಂದು ಕೊಕ್ಕೆ ಹಾಕಿದರು. ಆತ ಮರುದಿನ ಆಫೀಸಿಗೇ ಬಂದ. ಎಲ್ಲರೂ ಕೂತಿರುವಾಗ, ಗಟ್ಟಿಯಾಗಿ ಹೇಳಿದ: "ಹಳೇ ಪೆಟ್ಟು ಯಾವುದು ಅಂತ ನಿಮಗಲ್ಲದೆ ಇನ್ಯಾರಿಗೆ ಗೊತ್ತಾಗ್ಬೇಕು ಬಿಡಿ ಸಾರ್. ಮುಖದ ಮೇಲೇ ಇಟ್ಕೊಂಡು ಓಡಾಡ್ತಿದ್ದೀರಲ್ಲ!" ಆಫೀಸಿಗೆ ಆಫೀಸೇ ನಕ್ಕಿತು. ಮ್ಯಾನೇಜರ್ ಮಾತ್ರ ಮರ್ಯಾದೆಯಿಂದ ಕೆಮ್ಮಿದರು. ಕೆಮ್ಮಿದ್ದು ಬಹಳ ಹೊತ್ತು.

ಅಂದಿನಿಂದ ಸಾಹೇಬರು ಕನ್ನಡಿ ಕಂಡಲ್ಲೆಲ್ಲ ಪಕ್ಕಕ್ಕೆ ತಿರುಗಿ ನಿಲ್ಲತೊಡಗಿದರು. ಲಿಫ್ಟಿನ ಕನ್ನಡಿ, ಕಾರಿನ ಕನ್ನಡಿ, ಚಮಚದ ಬೆನ್ನು, ಯಾವುದನ್ನೂ ಬಿಡಲಿಲ್ಲ. ಕೊನೆಗೆ ಒಂದು ದಿನ, ಮೂಗನ್ನು ಆಪರೇಷನ್ ಮಾಡಿಸಿ ನೆಟ್ಟಗೆ ಮಾಡಿಸಿಕೊಳ್ಳುತ್ತೇನೆಂದು ಹೆಂಡತಿಯ ಮುಂದೆ ಬಾಯಿಬಿಟ್ಟರು. ಆಕೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಮುಂದಿನ ಮೇಜಿನ ಹಿಂದೆ ಕೂತು ಬಂದವರ ಹೆಸರು ಬರೆದುಕೊಳ್ಳುವಾಕೆ. ಹೆದರಿದ ಗಂಡಸರನ್ನು ದಿನವೂ ನೋಡಿ ನೋಡಿ ಆಕೆಗೆ ಯಾರ ಮೇಲೂ ವಿಶೇಷ ಗೌರವ ಉಳಿದಿರಲಿಲ್ಲ.

"ರೀ, ಇಷ್ಟು ವರ್ಷ ಈ ಮೂಗಿನ ಜೊತೆ ಸಂಸಾರ ಮಾಡಿದವಳು ನಾನು. ನಾನೇ ಸುಮ್ಮನಿದ್ದೀನಿ. ನೆಗಡಿ ಬಂತು ಅಂತ ಮೂಗು ಕೊಯ್ಕೊಂಡವನ ಕತೆ ಕೇಳಿದ್ದೆ. ನಿಮಗೆ ನೆಗಡೀನೂ ಬಂದಿಲ್ವಲ್ಲ!"

"ತಮಾಷೆ ಸಾಕು. ವಿಷಯ ಹೊರಗೆ ಹೋಗ್ಬಾರದು, ಅಷ್ಟೆ. ಆಫೀಸಿಗೂ, ಬಿಲ್ಡಿಂಗಿನವರಿಗೂ, ನಮ್ಮಕ್ಕನಿಗೂ."

"ಬಾತ್‌ರೂಮಲ್ಲಿ ಜಾರಿ ಬಿದ್ರು ಅಂತೀನಿ."

ಸಾಹೇಬರು ಅಯ್ಯೋ ಪಾಪ ಎನ್ನುವಂತೆ ನಕ್ಕರು. "ಅದು ಸೋಮಾರಿಗಳ ಸುಳ್ಳು ಕಣೇ. ನನ್ನ ಮುಂದೆ ಬಂದಿದ್ರೆ ನಿಂತ ನಿಲುವಿನಲ್ಲೇ ಹರಿದು ಹಾಕ್ತಿದ್ದೆ. ಸುಳ್ಳಿಗೆ ಒಂದು ಜಾಗ ಬೇಕು, ಒಂದು ವಸ್ತು ಬೇಕು, ಒಂದು ಕಾರಣ ಬೇಕು. ಮುಖ್ಯವಾಗಿ, ಯಾರಾದ್ರೂ ಹೋಗಿ ನೋಡಿದ್ರೆ ಅಲ್ಲಿ ಏನಾದ್ರೂ ಕಾಣ್ಬೇಕು."

ಆ 'ಏನಾದ್ರೂ' ಯಾವುದೆಂದು ಅವರು ಹೆಂಡತಿಗೆ ಹೇಳಲಿಲ್ಲ. ಅವರ ಕಟ್ಟಡದ ಬಾಗಿಲು ನೆಲದಿಂದ ಚೌಕಟ್ಟಿನವರೆಗೂ ಒಂದೇ ಗಾಜು. ಯಾರೂ ಹೋಗಿ ಬಡಿದುಕೊಳ್ಳದಿರಲೆಂದು ಅದರ ಮೇಲೆ ಎದೆಯೆತ್ತರಕ್ಕೆ ಒಂದು ಕೆಂಪು ಟೇಪಿನ ಪಟ್ಟಿ ಅಂಟಿಸಿರುತ್ತಿತ್ತು. ಅದನ್ನು ಅಂಟಿಸುವುದು ಮೆಟ್ಟಿಲಕ್ಕನ ಕೆಲಸ. ಕಟ್ಟಡದ ಮೆಟ್ಟಿಲು, ಕಾರಿಡಾರು, ಗಾಜು ಎಲ್ಲವನ್ನೂ ತೊಳೆದು ಒರೆಸುವಾಕೆಯನ್ನು ಎಲ್ಲರೂ ಕರೆಯುತ್ತಿದ್ದದ್ದು ಹಾಗೆಯೇ. ವಾರಕ್ಕೊಮ್ಮೆ ಹಳೆ ಪಟ್ಟಿ ಕಿತ್ತು, ಗಾಜನ್ನು ಸೋಪಿನ ನೀರಿನಲ್ಲಿ ತೊಳೆದು, ಒಣಗಿದ ಮೇಲೆ ಹೊಸ ಪಟ್ಟಿ ಅಂಟಿಸುತ್ತಿದ್ದಳು. ಕತ್ತರಿ ಹುಡುಕುತ್ತಾ ಕೂರುವವಳಲ್ಲ. ಟೇಪನ್ನು ಹಲ್ಲಿಂದ ಕಚ್ಚಿ ಎಳೆದು ಹರಿದುಬಿಡುತ್ತಿದ್ದಳು.

ಆಪರೇಷನ್ನಿನ ದಿನ ಬೆಳಕು ಹರಿಯುವ ಮುಂಚೆ ಸಾಹೇಬರು ಕೆಳಗಿಳಿದರು. ಹೆಂಡತಿ ಆಗಲೇ ಹೊರಗೆ ಟ್ಯಾಕ್ಸಿಯಲ್ಲಿ ಕೂತಿದ್ದಳು. ವಾಚ್‌ಮನ್ ಕುರ್ಚಿಯಲ್ಲಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಸಾಹೇಬರು ಆ ಕಡೆ ಈ ಕಡೆ ನೋಡಿ, ಹಿಂದಿನ ಸಂಜೆಯಷ್ಟೇ ಅಂಟಿಸಿದ್ದ ಪಟ್ಟಿಯನ್ನು ಮೆಲ್ಲಗೆ ಕಿತ್ತು, ಮಡಚಿ ಪ್ಯಾಂಟಿನ ಜೇಬಿಗೆ ಹಾಕಿಕೊಂಡರು. ಗಾಜು ಇದೆಯೋ ಇಲ್ಲವೋ ಎನ್ನುವ ಹಾಗೆ ಹೊಳೆಯುತ್ತಿತ್ತು. ಒಂದು ಹೆಜ್ಜೆ ಹಿಂದೆ ಸರಿದು ನೋಡಿ ಅವರಿಗೆ ನಿಜಕ್ಕೂ ಹೆಮ್ಮೆಯಾಯಿತು. ಸುಳ್ಳು ಕ್ಲೇಮಿನವರೆಲ್ಲ ಇಷ್ಟು ಶ್ರದ್ಧೆಯಿಂದ ಕೆಲಸ ಮಾಡಿದ್ದರೆ ತಮ್ಮ ಕಂಪನಿ ಎಂದೋ ಮುಳುಗಿ ಹೋಗುತ್ತಿತ್ತು ಎಂದುಕೊಂಡು ಟ್ಯಾಕ್ಸಿ ಹತ್ತಿದರು.

ಆಸ್ಪತ್ರೆಯಲ್ಲಿ ಡಾಕ್ಟರು ಅವರ ಮೂಗಿನ ಮೇಲೆ ನೇರಳೆ ಬಣ್ಣದ ಪೆನ್ನಿನಿಂದ ಗೆರೆ ಎಳೆದರು. ಹಸಿರು ಗೌನು ತೊಟ್ಟು, ಗದ್ದ ಎತ್ತಿ, ಪಕ್ಕಕ್ಕೆ ತಿರುಗಿ ಕೂತ ಗಂಡನ ಒಂದು ಫೋಟೋವನ್ನು ಹೆಂಡತಿ ತನ್ನ ಫೋನಿನಲ್ಲಿ ಹಿಡಿದಿಟ್ಟುಕೊಂಡಳು. ಬೇಸರವಾದಾಗ ನೋಡುವುದಕ್ಕೆ ಬೇಕು ಎಂದಳು.

ಮರುದಿನ ಸಂಜೆ ಸಾಹೇಬರು ಮನೆಗೆ ಬಂದರು. ಮೂಗಿನ ಮೇಲೊಂದು ಗಟ್ಟಿ ಪಟ್ಟಿ, ಮೂಗಿನ ಕೆಳಗೆ ಮೀಸೆಯಂತೆ ಅಂಟಿಸಿದ ಹತ್ತಿಯ ತುಂಡು, ಎರಡೂ ಕಣ್ಣಿನ ಸುತ್ತ ನೇರಳೆ ಹಣ್ಣಿನ ಬಣ್ಣ. ಬಗ್ಗುವಂತಿಲ್ಲ, ಮೂಗು ಸೀಟುವಂತಿಲ್ಲ, ಮಗ್ಗುಲಾಗಿ ಮಲಗುವಂತಿಲ್ಲ, ಜೋರಾಗಿ ನಗುವಂತೆಯೂ ಇಲ್ಲ. ಸೀನು ಬಂದರೆ ಬಾಯಿ ಅಗಲಿಸಿ ಸೀನಬೇಕು. ಕನ್ನಡಕ ಮೂಗಿನ ಮೇಲೆ ಕೂರಬಾರದೆಂದು ಅದನ್ನು ಹಣೆಗೆ ಟೇಪು ಹಚ್ಚಿ ನೇತುಹಾಕಿದ್ದರು. ಪಡಸಾಲೆಯಲ್ಲಿ ಹಾಸಿದ ಹಾಸಿಗೆಯಲ್ಲಿ ದಿಂಬುಗಳ ರಾಶಿಗೆ ಒರಗಿ, ಬಾಯಲ್ಲಿ ಉಸಿರಾಡುತ್ತಾ, ಸ್ಟ್ರಾ ಹಾಕಿಕೊಂಡು ಸೂಪು ಹೀರುತ್ತಾ ಸಾಹೇಬರು ಕೂತಿದ್ದರೆ ಹೆಂಡತಿ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡು ನಕ್ಕು ಬರುತ್ತಿದ್ದಳು.

ಸುಳ್ಳು ಮಾತ್ರ ಸೊಗಸಾಗಿ ನಡೆಯಿತು. ಬೆಳಗಿನ ಜಾವ ಬೇರೆ ಊರಿಗೆ ಸರ್ವೇಗೆ ಹೊರಟಿದ್ದರು, ಗಾಜಿನ ಮೇಲೆ ಪಟ್ಟಿ ಇರಲಿಲ್ಲ, ಬಾಗಿಲು ತೆರೆದಿದೆ ಎಂದುಕೊಂಡು ನಡೆದರು, ಮೂಗಿನ ಮೂಳೆ ಮುರಿಯಿತು, ಕೂರಿಸಲು ಆಪರೇಷನ್ ಆಯಿತು. ಕೇಳಿದವರು ಕೆಳಗಿಳಿದು ನೋಡಿದರು. ಪಟ್ಟಿ ಇರಲಿಲ್ಲ! ಆಫೀಸಿನಿಂದ ಮ್ಯಾನೇಜರ್ ಹೂಗುಚ್ಛ ಕಳಿಸಿದರು. ಅಕ್ಕ ವಿಡಿಯೋ ಕಾಲ್ ಮಾಡಿ, ಫೋನಿನ ತುಂಬ ತನ್ನದೇ ಮೂಗು ತುಂಬಿಕೊಂಡು ಅತ್ತಳು. "ಅಪ್ಪನ ಮೂಗು ಕಣೋ ಅದು. ನಮ್ಮಿಬ್ಬರಿಗೆ ಅಂತ ಅವರು ಬಿಟ್ಟು ಹೋಗಿದ್ದು ಇದೊಂದೇ. ಡಾಕ್ಟರಿಗೆ ಹೇಳು, ಮೊದಲು ಹೇಗಿತ್ತೋ ಹಾಗೇ ಕೂರಿಸ್ಬೇಕು ಅಂತ." ಸಾಹೇಬರು ಹೂಂ ಎಂದರು. ಬೇರೆ ಏನನ್ನೂ ಹೇಳಲಾಗದಂತೆ ಅವರ ಮೂಗಿನಲ್ಲಿ ಹತ್ತಿ ತುಂಬಿತ್ತು ಎಂದು ಇಟ್ಟುಕೊಳ್ಳೋಣ.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಎಲ್ಲ ಕಡೆಯೂ ಇರುತ್ತಾರೆ. ಆ ಕಟ್ಟಡದಲ್ಲಿ ಬೇಕಾದಷ್ಟಿದ್ದರು. ನೆಲಮಹಡಿಯಲ್ಲಿರುವ ಅಧ್ಯಕ್ಷರು, ಅಂದರೆ ಮನೆಗಳವರ ಸಂಘದ ಅಧ್ಯಕ್ಷರು, ಸಾಹೇಬರನ್ನು ನೋಡಲು ಬಂದು, "ನಾನು ಎಚ್ಚರವಾಗಿಯೇ ಇದ್ದೆ ಸಾಹೇಬ್ರೆ. ಧಡ್ ಅಂತ ಸದ್ದು ಕೇಳಿಸ್ತು. ಯಾರೋ ಸಾಮಾನು ಇಳಿಸ್ತಿದ್ದಾರೆ ಅಂದ್ಕೊಂಡೆ" ಎಂದು ಎರಡು ಸಲ ಹೇಳಿದರು. ಗೊರಕೆ ಹೊಡೆಯುತ್ತಿದ್ದ ವಾಚ್‌ಮನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದ. ಅಪಘಾತವಾದಾಗ ನೀನೆಲ್ಲಿದ್ದೆ ಎಂದು ಯಾರಾದರೂ ಕೇಳಿಯಾರೆಂಬ ಭಯಕ್ಕೆ, ಸಾಹೇಬರನ್ನು ತಾನೇ ಎತ್ತಿ, ನೀರು ಕುಡಿಸಿ, ಟ್ಯಾಕ್ಸಿಗೆ ಕೂರಿಸಿದೆನೆಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಕುಡಿಸಿದ ನೀರಿನ ಬಾಟಲಿಯನ್ನೂ ತೋರಿಸುತ್ತಿದ್ದನಂತೆ.

"ಇಂಥ ಸಾಕ್ಷಿಗಳು ದುಡ್ಡು ಕೊಟ್ರೂ ಸಿಗಲ್ಲ" ಎಂದರು ಸಾಹೇಬರು ಹೆಂಡತಿಗೆ, ಖುಷಿಯಿಂದ.

"ಇನ್ನು ಸುಮ್ನೆ ಬಿಡಲ್ಲ" ಎಂದು ಅಧ್ಯಕ್ಷರು ಹೋಗುವಾಗ ಹೇಳಿದ್ದರು. "ಭಾನುವಾರ ಮೀಟಿಂಗ್ ಕರೆದಿದ್ದೀನಿ. ಆ ಮೆಟ್ಟಿಲಕ್ಕನನ್ನ ತೆಗೆದು ಬೇರೆಯವರನ್ನ ಇಡೋಣ. ಇವತ್ತು ನಿಮ್ಮ ಮೂಗು, ನಾಳೆ ಯಾವುದಾದ್ರೂ ಮಗುವಿನ ತಲೆ."

ಇದನ್ನು ಸಾಹೇಬರು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಗಾಜಿನ ಮೇಲೆ ಯಾರು ತಾನೇ ತಪ್ಪು ಹೊರಿಸುತ್ತಾರೆ ಎಂದುಕೊಂಡಿದ್ದರು. ಜನ್ಮವಿಡೀ ಅವರು ನೋಡಿದ್ದು ಕತೆ ನಿಜವೋ ಸುಳ್ಳೋ ಎಂಬುದನ್ನು ಮಾತ್ರ. ಆಮೇಲೆ ಆ ಕತೆ ಯಾರ ತಲೆಯ ಮೇಲೆ ಬಿತ್ತು ಎಂದು ನೋಡಲು ಎಂದೂ ಹಿಂತಿರುಗಿ ಹೋದವರಲ್ಲ. ಆದರೂ ಅಧ್ಯಕ್ಷರ ಮಾತಿಗೆ ಅವರು ಅಡ್ಡ ಹೇಳಲಿಲ್ಲ. ಭಾನುವಾರಕ್ಕೆ ಇನ್ನೂ ಸಮಯವಿದೆ, ಅಷ್ಟರಲ್ಲಿ ಅಧ್ಯಕ್ಷರ ಸಿಟ್ಟು ಇಳಿದೀತು ಎಂದು ತಮಗೆ ತಾವೇ ಹೇಳಿಕೊಂಡರು.

ಶನಿವಾರ ಮಧ್ಯಾಹ್ನ ಮೆಟ್ಟಿಲಕ್ಕ ಬಂದಳು. ಒಳಗೆ ಬಾ ಎಂದರೂ ಬರಲಿಲ್ಲ. ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತಾ ಹೊಸ್ತಿಲಾಚೆ ನಿಂತಳು. ಸಾಹೇಬರ ಮುಖ ನೋಡಿದವಳೇ ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

"ನಾನು ಕೆಲಸ ಉಳಿಸಿ ಅಂತ ಕೇಳೋಕೆ ಬಂದಿಲ್ಲ ಸಾಹೇಬ್ರೆ. ತಪ್ಪಾಯ್ತು ಅಂತ ಹೇಳೋಕೆ ಬಂದೆ."

"ಇರಲಿ ಬಿಡು" ಎಂದರು ಸಾಹೇಬರು.

"ಅಂಟಿಸಿದ ಹಾಗೇ ನೆನಪು. ಕಚ್ಚಿ ಹರಿದದ್ದು ನೆನಪಿದೆ, ಒತ್ತಿ ಒತ್ತಿ ಉಜ್ಜಿದ್ದು ನೆನಪಿದೆ. ಆದ್ರೆ ಎಲ್ರೂ ಇಲ್ಲ ಅಂತಾರೆ. ನಾನೂ ಹೋಗಿ ನೋಡ್ದೆ, ಪಟ್ಟಿ ಇರ್ಲಿಲ್ಲ." ಆಕೆಯ ದನಿ ಸಣ್ಣದಾಯಿತು. "ನಮ್ಮಮ್ಮನಿಗೂ ಹೀಗೇ ಶುರುವಾಗಿದ್ದು. ಮೊದಲು ಒಲೆ ಆರಿಸಿದೀನಿ ಅಂತಿದ್ಲು, ಆರಿಸಿರ್ತಿರ್ಲಿಲ್ಲ. ಕೊನೇಲಿ ನಾನು ಯಾರು ಅಂತಾನೇ ಗೊತ್ತಾಗ್ತಿರ್ಲಿಲ್ಲ. ಈ ವಾರ ಪೂರ್ತಿ ನನಗೆ ಅದೇ ಯೋಚನೆ. ಬಾಗಿಲು ಹಾಕಿ ಬಂದ್ನಾ ಅಂತ ಅರ್ಧ ದಾರಿಯಿಂದ ವಾಪಸ್ ಹೋಗ್ತೀನಿ. ಕೆಲಸ ಹೋದ್ರೆ ಇನ್ನೊಂದು ಸಿಗುತ್ತೆ. ತಲೆ ಹೋದ್ರೆ ಏನ್ಮಾಡ್ಲಿ?"

ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. ಪಟ್ಟಿ ಕಿತ್ತವನು ನಾನು ಎಂದು ಒಂದೇ ಮಾತು. ಸಾಹೇಬರಿಗೆ ಅದು ನಾಲಿಗೆಯ ತುದಿಯವರೆಗೂ ಬಂತು. ಅದರ ಹಿಂದೆಯೇ ಬೇಕರಿಯವನೂ, ಆಫೀಸಿನ ನಗೆಯೂ, ಮ್ಯಾನೇಜರರ ಕೆಮ್ಮೂ ಬಂದವು. ಅವರು ದಿಂಬಿಗೆ ಇನ್ನಷ್ಟು ಒರಗಿ, ದೊಡ್ಡ ಮನುಷ್ಯರ ದನಿಯಲ್ಲಿ, "ಹೋಗ್ಲಿ ಬಿಡಮ್ಮ. ಮನುಷ್ಯರು ಅಂದ್ಮೇಲೆ ಮರೆವು ಇದ್ದದ್ದೇ" ಎಂದರು. ಎಂಥಾ ಔದಾರ್ಯ ನೋಡಿ! ಆಕೆ ತಲೆಯಾಡಿಸಿ, ಕಣ್ಣೊರೆಸಿಕೊಂಡು ಮೆಟ್ಟಿಲಿಳಿದು ಹೋದಳು.

ಹೆಂಡತಿ ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅಲ್ಲಿಯವರೆಗೆ ಆಕೆಯೂ ಪಟ್ಟಿ ಹೇಗೋ ಉದುರಿ ಬಿದ್ದಿರಬೇಕು, ಗಂಡನ ಅದೃಷ್ಟಕ್ಕೆ ಕೂಡಿ ಬಂತು ಎಂದೇ ತಿಳಿದಿದ್ದಳು. ಬಟ್ಟೆ ಒಗೆಯಲು ಹಾಕಬೇಕೆಂದು ಆಪರೇಷನ್ನಿನ ದಿನದ ಪ್ಯಾಂಟಿನ ಜೇಬಿಗೆ ಕೈ ಹಾಕಿದಾಗ ಏನೋ ಅಂಟಂಟು ಸಿಕ್ಕಿತು. ಹೊರಗೆ ಎಳೆದಳು. ಮಡಚಿದ ಕೆಂಪು ಪಟ್ಟಿ.

ಆಕೆ ಕೂಗಾಡಲಿಲ್ಲ. ಬಂದು ಹಾಸಿಗೆಯ ಮೇಲೆ, ಸೂಪಿನ ಬಟ್ಟಲಿನ ಪಕ್ಕದಲ್ಲಿ ಇಟ್ಟಳು.

"ಇದೇನು?"

"ಅದು... ಸ್ಥಳದಲ್ಲಿ ಒಂದು ಪುರಾವೆ ಇರ್ಲಿ ಅಂತ..."

"ಅವಳು ಅಲ್ಲಿ ನಿಂತು ತನಗೆ ಹುಚ್ಚು ಹಿಡೀತಿದೆ ಅಂತ ಅಳ್ತಿದ್ಲು. ನೀವು ಕ್ಷಮಿಸಿ ಕಳಿಸಿದ್ರಿ!"

"ಮೆಲ್ಲಗೆ ಮಾತಾಡೇ. ಮೀಟಿಂಗಿನಲ್ಲಿ ಅಧ್ಯಕ್ಷರಿಗೆ ಹೇಳಿ ಹೇಗಾದ್ರೂ ಅವಳ ಕೆಲಸ ಉಳಿಸ್ತೀನಿ. ನಿಜ ಹೇಳ್ಬೇಕಾಗಿಲ್ಲ."

"ಕೆಲಸ ಉಳಿಸ್ತೀರಿ. ತಲೆ?" ಹೆಂಡತಿಯ ಮುಖದಲ್ಲಿ ವಾರವಿಡೀ ಇದ್ದ ನಗೆ ಒಂದು ಚೂರೂ ಉಳಿದಿರಲಿಲ್ಲ. "ನಾಳೆ ನೀವು ಇಳೀತೀರೋ, ಇಲ್ಲ ನಾನೇ ಇಳೀಲೋ? ನಾನು ಇಳಿದ್ರೆ ಫೋಟೋ ದೊಡ್ಡದು ಮಾಡಿಸಿ ತಗೊಂಡು ಇಳೀತೀನಿ."

ಬಿಸಿ ತುಪ್ಪ ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ. ಸಾಹೇಬರು ಭಾನುವಾರ ಬೆಳಿಗ್ಗೆ ಇಳಿದರು. ಒಳ್ಳೆಯತನದಿಂದ ಇಳಿದರು ಎಂದು ಹೇಳಲು ನನಗೂ ಆಸೆಯಿದೆ. ಆದರೆ ಹಿಂದೆ ಹೆಂಡತಿ ಇದ್ದಳು, ಆಕೆಯ ಕೈಯಲ್ಲಿ ಫೋನಿತ್ತು.

ಕೆಳಗೆ ಲಿಫ್ಟಿನ ಮುಂದೆ ಕುರ್ಚಿಗಳನ್ನು ಹಾಕಿದ್ದರು. ಮನೆಗೊಬ್ಬರಂತೆ ಜನ ಸೇರಿದ್ದರು. ಮೆಟ್ಟಿಲಕ್ಕ ಗೋಡೆಗೆ ಒತ್ತಿಕೊಂಡು ನಿಂತಿದ್ದಳು. ಹಣೆಯಿಂದ ಕನ್ನಡಕ ನೇತಾಡಿಸಿಕೊಂಡು ಸಾಹೇಬರು ಬಂದದ್ದೇ ತಡ, ಎಲ್ಲರೂ ಎದ್ದು ಜಾಗ ಬಿಟ್ಟರು. ಸಾಹೇಬರು ಕೂರಲಿಲ್ಲ. ಬಾಯಲ್ಲಿ ಉಸಿರೆಳೆದುಕೊಂಡು, ಒಂದೇ ಸಲಕ್ಕೆ, "ನಾನು ಗಾಜಿಗೆ ಗುದ್ದಿಲ್ಲ. ಚೆಂದ ಕಾಣ್ಲಿ ಅಂತ ಮೂಗಿನ ಆಪರೇಷನ್ ಮಾಡಿಸ್ಕೊಂಡೆ. ಪಟ್ಟಿ ಕಿತ್ತವನೂ ನಾನೇ" ಎಂದರು.

 ಅಧ್ಯಕ್ಷರು ಎದ್ದು ಬಂದು ಸಾಹೇಬರ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣಲ್ಲಿ ನೀರಿತ್ತು.

"ನೋಡಿ, ನೋಡಿ! ಒಬ್ಬ ಬಡವಳ ಕೆಲಸ ಉಳಿಸೋಕೆ ತನ್ನ ಮರ್ಯಾದೇನೇ ಕಳ್ಕೊಳ್ಳೋಕೆ ತಯಾರಾಗಿದ್ದಾರೆ. ಎಂಥ ದೊಡ್ಡ ಮನಸ್ಸು ನಿಮ್ಮದು ಸಾಹೇಬ್ರೆ!"

"ಅಲ್ಲ, ನಾನು ನಿಜಾನೇ..."

"ಸದ್ದು ನಾನೇ ಕೇಳಿದ್ದೀನಲ್ಲ!"

"ಪಾಪ, ಪೆಟ್ಟು ತಲೆಗೂ ತಾಗಿದೆ" ಎಂದ ವಾಚ್‌ಮನ್, ಎಲ್ಲರ ಕಡೆ ತಿರುಗಿ. "ಸಾರ್‌ಗೆ ಏನೂ ನೆನಪಿಲ್ಲ. ಇದೇ ಕೈಯಲ್ಲಿ ಎತ್ತಿದ್ದು ನಾನು. ಎಷ್ಟು ಭಾರ ಇದ್ರು!"

ಸಾಹೇಬರು ಇಂಗು ತಿಂದ ಮಂಗನಂತೆ ನಿಂತರು. ಜೀವಮಾನದಲ್ಲಿ ಎಷ್ಟೋ ಜನರ ನಿಜವನ್ನು ಅವರು 'ಪುರಾವೆ ಇದೆಯಾ' ಎಂದು ಕೇಳಿ ಹಿಂದಕ್ಕೆ ಕಳಿಸಿದ್ದರು. ಈಗ ಅವರ ನಿಜ ಬಾಗಿಲಲ್ಲಿ ನಿಂತು ಬೇಡುತ್ತಿತ್ತು. ಗೋಡೆಯ ಬಳಿ ಮೆಟ್ಟಿಲಕ್ಕ ಇವರ ಮಾತಿಗೊಮ್ಮೆ, ಅವರ ಮಾತಿಗೊಮ್ಮೆ ಕಣ್ಣು ಹೊರಳಿಸುತ್ತಿದ್ದಳು. ಯಾವುದನ್ನು ನಂಬಬೇಕೆಂದು ಆಕೆಗೂ ತಿಳಿಯುತ್ತಿರಲಿಲ್ಲ.

ಆಗ ಹೆಂಡತಿ ಮುಂದೆ ಬಂದು ಫೋನನ್ನು ಅಧ್ಯಕ್ಷರ ಕೈಗೆ ಕೊಟ್ಟಳು. ಹಸಿರು ಗೌನು, ಎತ್ತಿದ ಗದ್ದ, ದಿಬ್ಬದ ಮೇಲೆ ಎಲ್ಲಿ ಕಡಿಯಬೇಕೆಂದು ತೋರಿಸುವ ನೇರಳೆ ಗೆರೆ. ಎಲ್ಲೂ ಒಂದು ಗಾಯವಿಲ್ಲ. ಅಧ್ಯಕ್ಷರು ನೋಡಿದರು, ಮೂಗಿನ ಮೇಲೆ ಬೆರಳಿಟ್ಟುಕೊಂಡರು, ಪಕ್ಕದವರಿಗೆ ದಾಟಿಸಿದರು. ಫೋನು ಕೈಯಿಂದ ಕೈಗೆ ಹೋದ ಹಾಗೆ ನಗೆಯೂ ಕುರ್ಚಿಯಿಂದ ಕುರ್ಚಿಗೆ ಹೋಯಿತು. ಒಬ್ಬರಂತೂ ನಕ್ಕು ನಕ್ಕು ಎದ್ದು ಹೊರಗೇ ಹೋದರು. ವಾಚ್‌ಮನ್ ನೀರಿನ ಬಾಟಲಿಯನ್ನು ಕುರ್ಚಿಯ ಕೆಳಗೆ ತಳ್ಳಿದ. ಬೇಕರಿಯವನ ಮುಂದೆ ಆಫೀಸು ನಕ್ಕದ್ದು ಇದರ ಕಾಲು ಭಾಗವೂ ಇರಲಿಲ್ಲ.

ಮೆಟ್ಟಿಲಕ್ಕ ಮಾತ್ರ ನಗಲಿಲ್ಲ. "ಪಟ್ಟಿ ಎಲ್ಲಿ?" ಎಂದಳು.

ಸಾಹೇಬರು ಜೇಬಿನಿಂದ ತೆಗೆದು ಕೊಟ್ಟರು. ಆಕೆ ಅದರ ಮಡಿಕೆಯನ್ನು ಉಗುರಿನಿಂದ ಬಿಡಿಸಿ ಉದ್ದ ಮಾಡಿದಳು. ಹರಿದ ತುದಿಯನ್ನು ಬೆಳಕಿಗೆ ಹಿಡಿದಳು. ಆಕೆಯ ಮುಂದಿನ ಒಂದು ಹಲ್ಲು ಬಿದ್ದು ಬಹಳ ಕಾಲವಾಗಿತ್ತು. ಆಕೆ ಕಚ್ಚಿ ಹರಿದ ಟೇಪಿನ ತುದಿಯಲ್ಲಿ, ಆ ಸಂದಿಯ ಜಾಗದಲ್ಲಿ, ಸಣ್ಣ ನಾಲಿಗೆಯಂತೆ ಒಂದು ಚೂರು ಉಳಿದುಬಿಡುತ್ತಿತ್ತು. ಈ ಪಟ್ಟಿಯಲ್ಲೂ ಇತ್ತು.

"ನಾನೇ ಹರಿದದ್ದು" ಎಂದಳು. ಆಮೇಲೆ, ತನಗೆ ತಾನೇ ಹೇಳಿಕೊಳ್ಳುವ ಹಾಗೆ, "ಅಂಟಿಸಿದ್ದೆ. ನಾನು ಅಂಟಿಸಿದ್ದೆ" ಎಂದಳು. ಹಾಗೆ ಹೇಳುತ್ತಲೇ ಮೊದಲ ಮೆಟ್ಟಿಲ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. ನಗುತ್ತಿದ್ದವರು ಒಬ್ಬೊಬ್ಬರಾಗಿ ಸುಮ್ಮನಾದರು. ಸಾಹೇಬರ ಹೆಂಡತಿ ಹೋಗಿ ಆಕೆಯ ಪಕ್ಕದಲ್ಲಿ ಕೂತಳು.

ಅಳು ಮುಗಿದ ಮೇಲೆ ಮೆಟ್ಟಿಲಕ್ಕ ಎದ್ದು ಸಾಹೇಬರ ಎದುರಿಗೆ ಬಂದು ನಿಂತಳು.

"ನಿಮ್ಮ ಮೂಗು ಚೆನ್ನಾಗಿ ಆಗ್ಲಿ ಸಾಹೇಬ್ರೆ. ಅದಕ್ಕೆ ನನ್ನದೇನೂ ಇಲ್ಲ. ಆದ್ರೆ ಮರೆವು ಇದ್ದದ್ದೇ ಬಿಡಮ್ಮ ಅಂದ್ರಲ್ಲ, ಅದನ್ನ ನಾನು ಮರೆಯಲ್ಲ."

ಸಾಹೇಬರು ಲಿಫ್ಟಿನ ಕಡೆ ತಿರುಗಿದರು. 

ಮೂಗಿನ ಮೇಲಿನ ಪಟ್ಟಿಯನ್ನು ಡಾಕ್ಟರು ತೆಗೆದರು, ಊತ ಇಳಿಯಿತು. ಮೂಗು ನೆಟ್ಟಗಾಗಿದೆ. ಒಳ್ಳೆಯ ಮೂಗು. ಆದರೆ ಆಫೀಸಿನವರು ಈಗಲೂ ಕೊಕ್ಕೆ ಸಾಹೇಬರೆಂದೇ ಕರೆಯುತ್ತಾರೆ. ವಿಷಯ ತಿಳಿದ ಅಕ್ಕ ಈಗ ಸಾದಾ ಕಾಲ್ ಮಾತ್ರ ಮಾಡುತ್ತಾಳೆ, ವಿಡಿಯೋ ಕಾಲ್ ಮಾಡುವುದಿಲ್ಲ. ಮೆಟ್ಟಿಲಕ್ಕನ ಕೆಲಸ ಹಾಗೆಯೇ ಇದೆ. ವಾರಕ್ಕೊಮ್ಮೆ ಗಾಜು ತೊಳೆಯುತ್ತಾಳೆ, ಟೇಪನ್ನು ಹಲ್ಲಿಂದ ಕಚ್ಚಿ ಹರಿಯುತ್ತಾಳೆ, ಒತ್ತಿ ಒತ್ತಿ ಅಂಟಿಸುತ್ತಾಳೆ. ಮೊದಲಿನ ಹಾಗೆ ಎದೆಯೆತ್ತರಕ್ಕಲ್ಲ. ಈಗ ಅದನ್ನು ಸರಿಯಾಗಿ ಸಾಹೇಬರ ಮೂಗಿನ ಎತ್ತರಕ್ಕೆ ಅಂಟಿಸುತ್ತಾಳೆ. ಪ್ರತಿದಿನ ಬೆಳಿಗ್ಗೆ ಆಫೀಸಿಗೆ ಹೊರಟು ಬಾಗಿಲ ಮುಂದೆ ನಿಂತಾಗ ಸಾಹೇಬರಿಗೆ ಗಾಜಿನಲ್ಲಿ ತಮ್ಮ ಹಣೆ ಕಾಣುತ್ತದೆ, ಕಣ್ಣು ಕಾಣುತ್ತದೆ, ಬಾಯಿ ಕಾಣುತ್ತದೆ, ಹೊಸ ಮೂಗಿನ ಜಾಗದಲ್ಲಿ ಮಾತ್ರ ಕೆಂಪು ಪಟ್ಟಿ. ಸ್ವಲ್ಪ ಕೆಳಗೆ ಅಂಟಿಸಮ್ಮ ಎಂದು ಆಕೆಗೆ ಹೇಳುವ ಬಾಯಿ ಅವರಿಗೆ ಇನ್ನೂ ಬಂದಿಲ್ಲ.